ಆ ಲೋಟ ಅಲ್ಲೇ ಮುಚ್ಚಿಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ಆಸ್ಪತ್ರೆಯ ಎರಡನೇ ಮಹಡಿಯ ತಪಾಸಣೆ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಸ್ಟೀಲ್ ಬೋಗುಣಿಗೆ ಬಿಸಿನೀರು ಸುರಿದು, ಅದರೊಳಗೆ ಪ್ಲಾಸ್ಟಿಕ್ ಬಾಟಲಿಗಳನ್ನು ಮಕ್ಕಳನ್ನು ಸ್ನಾನಕ್ಕೆ ಕೂರಿಸುವಂತೆ ಒಂದೊಂದಾಗಿ ಕೂರಿಸುತ್ತಿದ್ದಾರೆ. ಬಾಟಲಿಯಲ್ಲಿರುವುದು ಜೆಲ್, ಬಸುರಿಯ ಹೊಟ್ಟೆಗೆ ತಪಾಸಣೆಯ ಬೆಲ್ಟು ಕಟ್ಟುವ ಮುನ್ನ ಹಚ್ಚುವ ಅಂಟು ಅಂಟು ಪದಾರ್ಥ. ಇಡೀ ರಾತ್ರಿ ಕಬ್ಬಿಣದ ಕಪಾಟಿನಲ್ಲಿ ಕೂತು ಕೊರೆಯುವಷ್ಟು ತಣ್ಣಗಾದದ್ದನ್ನು ಹಾಗೇ ಹಚ್ಚಿದರೆ ತಾಯಿ ಬೆಚ್ಚಿಬೀಳುತ್ತಾಳೆ, ಒಳಗಿರುವವರೂ ಮುಖ ತಿರುಗಿಸುತ್ತಾರೆ ಎನ್ನುವುದು ಇವರ ನಂಬಿಕೆ. ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡುತ್ತಾರೆ. ತಲೆಯಾಡಿಸಿ ನೀರು ಚೆಲ್ಲಿ, ಮತ್ತೆ ಬಿಸಿನೀರು ತರಲು ಹೊರಡುತ್ತಾರೆ.

"ಎಷ್ಟನೇ ಸಲ ಇದು?" ಬಾಗಿಲಿಗೆ ಒರಗಿ ನಿಂತ ದೊಡ್ಡ ಸಿಸ್ಟರ್ ಕೇಳುತ್ತಾರೆ. "ಆ ಜೆಲ್ಲಿಗೆ ಜ್ವರ ಬಂದೀತು."

"ಇವತ್ತೊಂದಿನ ಸ್ವಲ್ಪ ಬೆಚ್ಚಗಿರ್ಲಿ ಸಿಸ್ಟರ್."

"ಯಾಕೆ, ಇವತ್ತೇನು ವಿಶೇಷ?"

"ಏನಿಲ್ಲ, ಸುಮ್ನೆ."

ಸುಮ್ಮನೆ ಅಲ್ಲ ಎನ್ನುವುದು ದೊಡ್ಡ ಸಿಸ್ಟರಿಗೂ ಗೊತ್ತು, ಬಾಟಲಿಗಳಿಗೂ ಗೊತ್ತು. ಇವತ್ತು ಇವರ ಸೊಸೆ ಬರುತ್ತಿದ್ದಾಳೆ, ಒಂಬತ್ತು ತುಂಬಿದ ಹೊಟ್ಟೆ ಹೊತ್ತುಕೊಂಡು. ಆರನೇ ತಿಂಗಳಲ್ಲಿ ಮುನಿಸಿಕೊಂಡು ಮನೆ ಬಿಟ್ಟು ಹೋದ ಮೇಲೆ ಅತ್ತೆಯ ಎದುರಿಗೆ ಬರುತ್ತಿರುವುದು ಇದೇ ಮೊದಲು. ಬರುವ ಮುಂಚೆ ಫೋನಿನಲ್ಲಿ ಒಂದೇ ಒಂದು ಷರತ್ತು ಹಾಕಿದ್ದಾಳೆ: ಕೇಳದೆ ಹೊಟ್ಟೆಯ ಮೇಲೆ ಕೈ ಇಡಬಾರದು. ಅದು ತಪ್ಪಿದರೆ ಮೊಮ್ಮಗುವನ್ನು ಫೋಟೋದಲ್ಲಿ ನೋಡಿಕೊಂಡಿರಬೇಕಾಗುತ್ತದೆ.

ಆಸ್ಪತ್ರೆಯವರು ಇವರನ್ನು ಕರೆಯುವುದು ಬೆಲ್ಟಕ್ಕ ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಹೇಳುವುದಕ್ಕೆ ಸಣ್ಣ ಕೆಲಸ. ಬಸುರಿಯರನ್ನು ಮಂಚ ಹತ್ತಿಸುವುದು, ಎಡಕ್ಕೆ ತುಸು ವಾಲಿಸಿ ಬೆನ್ನಿಗೆ ದಿಂಬು ಕೊಡುವುದು, ಜೆಲ್ ಹಚ್ಚುವುದು, ಬೆಲ್ಟು ಕಟ್ಟುವುದು, ಮುಗಿದ ಮೇಲೆ ಒರೆಸುವುದು. ಉಳಿದದ್ದೆಲ್ಲ ಮಷೀನಿನ ಪಾಲು. ಬೆಲ್ಟಿನ ಒಳಮೈಯಲ್ಲಿ ಬಿಸ್ಕತ್ತಿನಗಲದ ಬಿಲ್ಲೆಗಳಿವೆ. ಮನುಷ್ಯರ ಕಿವಿಗೆ ಕೇಳಿಸದ ಶಬ್ದವನ್ನು ಅವು ಹೊಟ್ಟೆಯೊಳಕ್ಕೆ ಕಳಿಸಿ, ಮಗುವಿನ ಪುಟ್ಟ ಹೃದಯಕ್ಕೆ ತಾಗಿ ವಾಪಸಾದದ್ದನ್ನು ಹಿಡಿದು, ನಿಮಿಷಕ್ಕೆ ಎಷ್ಟು ಬಡಿತವೆಂದು ಪರದೆಯ ಮೇಲೆ ಬರೆಯುತ್ತವೆ. ಮಗು ಮಗ್ಗುಲು ಬದಲಿಸಿದರೆ ಒಂದು ಬಿಲ್ಲೆ ಕಳೆದುಕೊಂಡದ್ದನ್ನು ಇನ್ನೊಂದು ತಾನಾಗಿ ಹುಡುಕಿಕೊಳ್ಳುತ್ತದೆ. ಹಿಂದೆ ಸಿಸ್ಟರೊಬ್ಬರು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಇಡೀ ಹೊಟ್ಟೆಯ ಮೇಲೆ ಮಗುವನ್ನು ಅಟ್ಟಿಸಿಕೊಂಡು ಓಡಾಡಬೇಕಿತ್ತು.

"ಸದ್ದು ಕೇಳಿದೀರಾ?" ಎಂದು ಬೆಲ್ಟಕ್ಕ ಕೇಳುತ್ತಾರೆ. "ಯಾರೋ ರಬ್ಬರ್ ಚಪ್ಪಲಿ ಹಾಕ್ಕೊಂಡು ಮೆಟ್ಟಿಲಿಳಿದು ಓಡಿ ಬರ್ತಿರೋ ಹಾಗಿರತ್ತೆ. ಎಷ್ಟು ಓಡಿದ್ರೂ ಕೆಳಗೆ ಬಂದು ಮುಟ್ಟೋದಿಲ್ಲ. ಒಂಬತ್ತು ತಿಂಗಳ ಮೆಟ್ಟಿಲು."

ದಿನಕ್ಕೆ ಎಷ್ಟು ಜನ ಎಂದು ಕೇಳಿದರೆ ಅವರು ಜನರನ್ನು ಲೆಕ್ಕ ಹಾಕುವುದಿಲ್ಲ, ಹೊಟ್ಟೆಗಳನ್ನು ಲೆಕ್ಕ ಹಾಕುತ್ತಾರೆ. "ಮೂವತ್ತು ಹೊಟ್ಟೆ. ಸೋಮವಾರ ನಲವತ್ತಾದರೂ ಆಯ್ತು." ನೆನಪಿಟ್ಟುಕೊಳ್ಳುವುದೂ ಹೊಟ್ಟೆಯನ್ನೇ. ಮಾರುಕಟ್ಟೆಯಲ್ಲಿ ಯಾರಾದರೂ ಹಸುಗೂಸನ್ನು ಎತ್ತಿಕೊಂಡು ಬಂದು, "ಅಕ್ಕಾ, ಗುರುತು ಸಿಗ್ಲಿಲ್ವಾ?" ಎಂದರೆ ಇವರು ಪೆಚ್ಚುಪೆಚ್ಚಾಗಿ ನಗುತ್ತಾರೆ. ಮುಖ ನೋಡಿದವರಾರು? ಆ ಹೊಟ್ಟೆಯಂತೂ ಈಗ ಅಲ್ಲಿಲ್ಲ. "ಎಡಗಡೆ ಸಣ್ಣ ಮಚ್ಚೆ ಇತ್ತು ಅಂತ ಹೇಳಿದ್ರೆ ತಕ್ಷಣ ಹೊಳೆಯತ್ತೆ. ಆದ್ರೆ ತರಕಾರಿ ಅಂಗಡಿ ಮುಂದೆ ನಿಂತು ಅದನ್ನ ಹೇಗೆ ಕೇಳೋದು, ನೀವೇ ಹೇಳಿ?"

ಇಷ್ಟೇ ಆಗಿದ್ದರೆ ಇವರು ಎಲ್ಲ ಆಸ್ಪತ್ರೆಗಳಲ್ಲೂ ಇರುವ ಒಬ್ಬ ಅಕ್ಕ. ಆದರೆ ಸುತ್ತಮುತ್ತಲ ಊರುಗಳ ಎಷ್ಟೋ ಸಾವಿರ ಬಸುರಿಯರು ಬೆಲ್ಟಕ್ಕನ ಮುಖ ಕಾಣದೆಯೇ ಅವರ ಮಾತು ಕೇಳಿದ್ದಾರೆ, ಅವರು ಹೇಳಿದಂತೆ ಮಗ್ಗುಲಾಗಿದ್ದಾರೆ, ಉಸಿರು ಬಿಟ್ಟಿದ್ದಾರೆ. ಏಕೆಂದರೆ ಮಷೀನಿನೊಳಗಿನ ಧ್ವನಿ ಇವರದು.

ಅದು ಆದದ್ದು ಹೀಗೆ. ಮಷೀನು ಮೊದಲು ಬಂದಾಗ ಅದರೊಳಗೆ ಕಂಪನಿಯವರು ಬೇರೆ ಯಾರದೋ ಧ್ವನಿ ತುಂಬಿಸಿದ್ದರು. ತಿದ್ದಿ ತೀಡಿದ ಧ್ವನಿ. "ದಯವಿಟ್ಟು ಗಮನಿಸಿ" ಎಂದು ಶುರುವಾಗುತ್ತಿತ್ತು. ಮಂಚದ ಮೇಲೆ ಮಲಗಿದವರು ರೈಲು ಎಷ್ಟು ತಡ ಎಂದು ಯೋಚಿಸುತ್ತಿದ್ದರಂತೆ. ಅದಾದರೂ ಹಾಳಾಗಲಿ. ಬೆಲ್ಟು ಚೂರು ಜರುಗಿ ಸದ್ದು ಕೈತಪ್ಪಿದರೆ ಆ ಧ್ವನಿ ಅಷ್ಟೇ ತಣ್ಣಗೆ, "ಹೃದಯ ಬಡಿತ ಪತ್ತೆಯಾಗಿಲ್ಲ" ಅನ್ನುತ್ತಿತ್ತು. ಮಷೀನಿನ ಲೆಕ್ಕದಲ್ಲಿ ಸರಿಯಾದ ಮಾತೇ. ಕೇಳಿದವಳ ಎದೆ ಮಾತ್ರ ಧಸಕ್ಕೆನ್ನುತ್ತಿತ್ತು. ಒಬ್ಬಳು ಬೆಲ್ಟಿನ ಸಮೇತ ಎದ್ದು ಕಾರಿಡಾರಿಗೆ ಓಡಿದಳು, ಹಿಂದೆಯೇ ಮಷೀನೂ ಓಡಿತು. ಇನ್ನೊಬ್ಬಳ ಗಂಡ ನಿಂತಲ್ಲೇ ಕುಸಿದು, ಎರಡು ಗಂಟೆ ಹೊತ್ತು ಪಕ್ಕದ ಮಂಚದಲ್ಲಿ ಮಲಗಿ ಉಪಚಾರ ಮಾಡಿಸಿಕೊಂಡ.

ಹೇಳುವ ರೀತಿ ಬದಲಾಗಬೇಕು ಎಂದು ಮೊದಲು ಹಟ ಹಿಡಿದವರು ಇಲ್ಲಿನ ಡಾಕ್ಟರಮ್ಮ. ಕಂಪನಿಯಿಂದ ಇಂಜಿನಿಯರೊಬ್ಬರು ಬಂದರು. ಬೊಕ್ಕತಲೆಯ ಸಾಧು ಮನುಷ್ಯ, ದೂರದೂರಿನವರು, ಇಲ್ಲಿಯ ಭಾಷೆ ಅವರಿಗೆ ಅಷ್ಟಕ್ಕಷ್ಟೆ. ಯಾರ ಮಾತನ್ನು ಬಸುರಿಯರು ಕೇಳುತ್ತಾರೋ ಅವರ ಧ್ವನಿ ಬೇಕು ಎಂದರು. "ನನ್ನ ಮಾತಂತೂ ಕೇಳಲ್ಲ," ಎಂದು ದೊಡ್ಡ ಸಿಸ್ಟರ್ ಬೆಲ್ಟಕ್ಕನನ್ನು ಮುಂದೆ ತಳ್ಳಿದರು.

ಸದ್ದಿಲ್ಲದ ಜಾಗವೆಂದರೆ ಒಗೆದ ಬಟ್ಟೆಗಳನ್ನು ಒಟ್ಟುವ ಕೋಣೆ. ಚಾದರಗಳ ರಾಶಿಯ ನಡುವೆ ಬೆಲ್ಟಕ್ಕನನ್ನು ಕೂರಿಸಿ ಮೈಕು ಹಿಡಿದರು. ಓದಿ ಹೇಳಲು ಕೊಟ್ಟದ್ದನ್ನು ಅವರು ಓದಲೇ ಇಲ್ಲ, ಎದುರಿಗೆ ಮಲಗಿದವರಿಗೆ ಹೇಳಿದಂತೆ ಹೇಳುತ್ತ ಹೋದರು. "ಮಗು ಆರಾಮಾಗಿದೆ ಕಣಮ್ಮ" ಎಂದು ಎಲ್ಲದರ ಕೊನೆಗೂ ಸೇರಿಸುತ್ತಿದ್ದರು. ಡಾಕ್ಟರಮ್ಮ ಅದನ್ನು ಪಟ್ಟು ಬಿಡದೆ ತೆಗೆಸಿದರು. ಆರಾಮಾಗಿದೆಯೋ ಇಲ್ಲವೋ ನೋಡದೆ ಮಷೀನು ಹೇಗೆ ಮಾತು ಕೊಡುತ್ತದೆ? ಬೆಲ್ಟಕ್ಕನಿಗೆ ಆಗ ಮೂಗಿನ ತುದಿಗೆ ಸಿಟ್ಟು ಬಂದಿತ್ತು. ಈಗ ಇಲ್ಲ. "ಅವರು ಹೇಳಿದ್ದೇ ಸರಿ. ನನಗೆ ಯಾವಾಗ್ಲೂ ಕೇಳೋಕೆ ಮುಂಚೆ ಕೈ ಮುಂದೆ ಹೋಗತ್ತೆ, ನೋಡೋಕೆ ಮುಂಚೆ ಬಾಯಿ ಮುಂದೆ ಹೋಗತ್ತೆ."

ಕೊನೆಗೆ ಒಪ್ಪಿಗೆಯಾದ ಮಾತು ಇದು: "ಹೆದರ್ಬೇಡ ಕಣಮ್ಮ. ಬೆಲ್ಟು ಜರುಗಿರಬಹುದು. ಹಾಗೇ ಮಲಗಿರು, ಸಿಸ್ಟರ್ ಬಂದು ನೋಡ್ತಾರೆ." ಆ ಹೊತ್ತಿಗೆ ಸಿಸ್ಟರುಗಳ ಮೇಜಿನ ಮೇಲೆ ಗಂಟೆಯೂ ಬಾರಿಸುತ್ತದೆ, ಅವರು ಬಂದೇ ಬರುತ್ತಾರೆ.

ಆ ಮಾತನ್ನು ಹೇಳಿ ಮುಗಿಸುವುದಕ್ಕೂ ಕ್ಯಾಂಟೀನಿನಾಕೆ ಬಾಗಿಲು ತಳ್ಳಿಕೊಂಡು ಚಹಾ ತರುವುದಕ್ಕೂ ಸರಿಹೋಯಿತು. ಬೆಲ್ಟಕ್ಕ ಅತ್ತ ತಿರುಗಿ, "ಆ ಲೋಟ ಅಲ್ಲೇ ಮುಚ್ಚಿಡು, ಆಮೇಲೆ ನೋಡೋಣ," ಎಂದರು. ಇಂಜಿನಿಯರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದ್ದರು. ಧ್ವನಿಯಲ್ಲಿ ಎಷ್ಟೊಂದು ಅಕ್ಕರೆ ಇತ್ತೆಂದರೆ, ಅದೂ ಧೈರ್ಯದ ಮಾತೇ ಎಂದುಕೊಂಡು ಹೆಬ್ಬೆರಳೆತ್ತಿ ರೆಕಾರ್ಡಿಂಗ್ ನಿಲ್ಲಿಸಿದರು. ಡಾಕ್ಟರಮ್ಮ ಒಪ್ಪಿಗೆ ಕೊಟ್ಟದ್ದು ಕಾಗದದ ಮೇಲಿನ ಮಾತಿಗೆ. ಕಾಗದದಲ್ಲಿ ಲೋಟ ಇರಲಿಲ್ಲ.

ಹೀಗೆ ಆ ಲೋಟ ಮಷೀನಿನೊಳಗೆ ಹೊಕ್ಕಿತು. ಅಲ್ಲಿಂದ ಊರೂರಿನ ಕ್ಲಿನಿಕ್ಕುಗಳಿಗೂ ಹೋಯಿತು.

ಮಷೀನೇ ಹೇಳಿದ ಮೇಲೆ ಕೇಳದಿರುವುದುಂಟೇ? ಬಸುರಿಯರು ಬರುವಾಗ ಲೋಟ ತರತೊಡಗಿದರು. ಮಂಚದ ಪಕ್ಕದಲ್ಲಿ ನೀರು ತುಂಬಿದ ಲೋಟ, ಅದರ ಮೇಲೆ ತಟ್ಟೆ. ಒಂದು ಕ್ಲಿನಿಕ್ಕಿನಲ್ಲಿ ಗೋಡೆಗೆ "ತಪಾಸಣೆಗೆ ಬರುವವರು ಮುಚ್ಚಳವಿರುವ ಲೋಟ ತರತಕ್ಕದ್ದು" ಎಂಬ ಸೂಚನೆಯೂ ಅಂಟಿತು. ಅದನ್ನು ಬರೆಸಿದವರು ಯಾರೆಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಬಿಸಿನೀರೋ ತಣ್ಣೀರೋ ಎಂದು ಸರತಿಯಲ್ಲಿ ಕೂತವರಲ್ಲಿ ಎರಡು ಪಂಗಡಗಳಾದವು. ಮುಚ್ಚಿದ ಲೋಟ ಪಕ್ಕದಲ್ಲಿದ್ದರೆ ಮಗು ಬೇಗ ಸಿಗುತ್ತದೆ ಎಂದು ಮೂರನೇ ಹೆರಿಗೆಯವಳೊಬ್ಬಳು ಚೊಚ್ಚಲಿನವರಿಗೆಲ್ಲ ಪಾಠ ಹೇಳಿದ್ದೂ ಉಂಟು. ವಿಷಯ ಡಾಕ್ಟರಮ್ಮನ ಕಿವಿಗೆ ಬಿದ್ದಾಗ ಅವರು ಮೊದಲು ಕೆಂಡವಾದರು, ಆಮೇಲೆ ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬೆಲ್ಟಕ್ಕನ ಮನೆಯವರು ಬಸ್ ಕಂಡಕ್ಟರು. ಹೆಂಡತಿಯ ಧ್ವನಿ ಕೇಳಲೆಂದೇ ಒಮ್ಮೆ ಆಸ್ಪತ್ರೆಗೆ ಬಂದಿದ್ದರು. ಕೇಳಿ ಮುಗಿಸಿ, "ಮನೇಲೂ ಇದೇ ಕಾರ್ಯಕ್ರಮ," ಎಂದರು. "ಆದ್ರೆ ಇದಕ್ಕೆ ನಿಲ್ಲಿಸೋ ಬಟನ್ ಇದೆ, ನೋಡಿ."

ಸೊಸೆ ಮನೆ ಬಿಟ್ಟದ್ದು ಬೇರೆ ಯಾವ ಕಾರಣಕ್ಕೂ ಅಲ್ಲ, ಈ ಕೈಗಾಗಿ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು, ಕಲಿಯುವವರ ಪಕ್ಕದಲ್ಲಿ ತನ್ನದೇ ಒಂದು ಬ್ರೇಕು ಇಟ್ಟುಕೊಂಡು ಕೂರುವ ಹುಡುಗಿ. ಮಾತು ಕಡಿಮೆ, ಆಡಿದ್ದು ಖಚಿತ. ಅವಳು ಬಸುರಿಯೆಂದು ತಿಳಿದ ದಿನದಿಂದ ಬೆಲ್ಟಕ್ಕನ ಕೈ ನಿಲ್ಲಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಸಲ, ಕೆಲಸಕ್ಕೆ ಹೊರಟಾಗ ಒಂದು ಸಲ, ಸಂಜೆ ಚಪ್ಪಲಿ ಬಿಡುವ ಮೊದಲೇ ಒಂದು ಸಲ. ನೆಂಟರು ಬಂದರೆ ಅವರೆದುರಿಗೂ. "ಇವತ್ತು ಮಗು ಬಲಕ್ಕೆ ವಾಲಿದೆ," "ಬೆನ್ನು ಹೊರಗೆ ಮಾಡಿದೆ," ಎಂದು ವರದಿ ಬೇರೆ. ಜೊತೆಗೆ ಮನೆತುಂಬ, ಆ ಪಾತ್ರೆ ಮುಚ್ಚು, ಈ ಲೋಟ ಮುಚ್ಚು. ಖಾಲಿ ಲೋಟವಾದರೂ ಸರಿ, ಮುಚ್ಚಬೇಕು.

ಒಂದು ಸಂಜೆ ಸೊಸೆ ತಟ್ಟೆ ಕೆಳಗಿಟ್ಟು, ಧ್ವನಿ ಏರಿಸದೆ ಹೇಳಿದಳು: "ಅತ್ತೆ, ನನ್ನ ಹೊಟ್ಟೆ ನಿಮ್ಮ ವಾರ್ಡಲ್ಲ. ನಾನು ಓಡಿಸ್ತಿರೋವಾಗ ಸ್ಟೀರಿಂಗಿಗೆ ಕೈ ಹಾಕ್ಬೇಡಿ."

"ಕೈ ಇಟ್ರೆ ಏನು ಸವೆದು ಹೋಗತ್ತಾ?" ಎಂದು ಬೆಲ್ಟಕ್ಕ ಕೇಳಿಬಿಟ್ಟರು. ಅದು ಕೇಳಬಾರದಿತ್ತು. ವಾರ ಕಳೆಯುವುದರೊಳಗೆ ಮಗ ಮತ್ತು ಸೊಸೆ ಸೇತುವೆಯಾಚೆ ಬಾಡಿಗೆ ಮನೆ ಹಿಡಿದರು. ತಪಾಸಣೆಗೂ ಅಲ್ಲಿಯದೇ ಒಂದು ಸಣ್ಣ ಕ್ಲಿನಿಕ್ಕು. ಅತ್ತೆಯ ನೆರಳು ಬೀಳದ ಜಾಗ ಎಂದೇ ಅದನ್ನು ಆರಿಸಿಕೊಂಡದ್ದು.

ಈ ಭಾಗ ಹೇಳುವಾಗ ಬೆಲ್ಟಕ್ಕ ಬೆಲ್ಟುಗಳನ್ನು ಒರೆಸುತ್ತಿರುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. "ನನ್ನ ಮಗ ಹೊಟ್ಟೇಲಿದ್ದಾಗ ಏಳನೇ ತಿಂಗಳಲ್ಲಿ ಒಂದಿನ ಅಲುಗಾಡೋದು ನಿಲ್ಲಿಸ್ಬಿಟ್ಟ. ಆಗ ನಾನು ಇಲ್ಲೇ ಕೆಳಗೆ ಚಾದರ ಒಗೀತಿದ್ದೆ. ಮಷೀನು ಎಲ್ಲಿತ್ತು? ಡಾಕ್ಟರು ಊರಲ್ಲಿರಲಿಲ್ಲ. ಒಗೆಯೋ ಕಲ್ಲಿನ ಮೇಲೆ ಕೂತೆ, ಹೊಟ್ಟೆ ಮೇಲೆ ಕೈ ಇಟ್ಕೊಂಡು. ಎದ್ರೆ ಏನೋ ಆಗ್ಬಿಡತ್ತೆ ಅನ್ಸಿ ಏಳ್ಲೇ ಇಲ್ಲ. ಮೇಲ್ವಿಚಾರಕ ಬಂದು ಬೈದ, ಹೋದ. ಸಂಜೆ ಹೊತ್ತಿಗೆ ಒಂದು ಒದೆ ಒದ್ದ ನೋಡಿ." ಬಟ್ಟೆ ಮಡಚಿಡುತ್ತಾರೆ. "ಅವತ್ತು ಇಟ್ಟ ಕೈ, ಇನ್ನೂ ತೆಗ್ದಿಲ್ಲ ಅಂತ ಕಾಣತ್ತೆ."

ಇದನ್ನು ಸೊಸೆಗೆ ಹೇಳಿದ್ದೀರಾ ಎಂದರೆ ಇಲ್ಲ ಎನ್ನುತ್ತಾರೆ. ಬಸುರಿಗೆ ಹೇಳುವ ಕಥೆಯೇ ಅದು?

ಸೇತುವೆಯಾಚೆಯ ಕ್ಲಿನಿಕ್ಕಿನಲ್ಲಿ ನಡೆದದ್ದನ್ನು ಸೊಸೆಯ ಬಾಯಿಂದಲೇ ಕೇಳಬೇಕು. "ಹೊಸಾ ಮಷೀನು ಬಂದಿದೆ ಅಂತ ಮಲಗಿಸಿದ್ರು. ನಮ್ಮತ್ತೆ ಧ್ವನಿ ದೊಡ್ಡಾಸ್ಪತ್ರೇಲಿ ಮಾತ್ರ ಇದೆ ಅಂದ್ಕೊಂಡಿದ್ದೆ. ನೆಮ್ಮದಿಯಾಗಿ ಕಣ್ಣು ಮುಚ್ಚಿದೀನಿ. ಮಗು ತಿರುಗ್ತೋ ಏನೋ, ಸದ್ದು ನಿಂತುಹೋಯ್ತು. ಒಂದು ಕ್ಷಣ ನನ್ನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಕಿವಿ ಹತ್ರ ನಮ್ಮತ್ತೆ, 'ಹೆದರ್ಬೇಡ ಕಣಮ್ಮ' ಅಂದ್ರು. ಎದ್ದು ಕೂತು ಮಂಚದ ಕೆಳಗೆಲ್ಲ ನೋಡ್ದೆ. ಭ್ರಮೆ ಇರ್ಬೇಕು ಅಂತ ಮಲಗಿದೆ. ಆಗ ಬಂತು ನೋಡಿ, 'ಆ ಲೋಟ ಅಲ್ಲೇ ಮುಚ್ಚಿಡು'. ಪ್ರಪಂಚದಲ್ಲಿ ಇನ್ಯಾರು ಹೇಳ್ತಾರೆ ಅದನ್ನ?"

ಅವಳಿಗೆ ನಗು ಬಂತು. ಹೊಟ್ಟೆ ಕುಲುಕಿತು, ಬೆಲ್ಟು ಜರುಗಿತು, ಅತ್ತೆ ಮತ್ತೆ ಹೆದರಬೇಡ ಎಂದರು, ಲೋಟ ಮುಚ್ಚಿಡಲು ಹೇಳಿದರು. ಇನ್ನಷ್ಟು ನಗು, ಇನ್ನಷ್ಟು ಅತ್ತೆ. ಗಂಟೆಯ ಸದ್ದಿಗೆ ಓಡಿ ಬಂದ ಸಿಸ್ಟರು ಬೆಲ್ಟು ಸರಿಮಾಡಿದರು. ಬಡಿತ ಸಿಕ್ಕಿದ ಮೇಲೂ ಅವಳ ಕೆನ್ನೆ ಒದ್ದೆಯಾಗಿಯೇ ಇತ್ತಂತೆ. ನಗು ಯಾವಾಗ ಅಳುವಾಯಿತೆಂದು ಅವಳಿಗೂ ಗೊತ್ತಿಲ್ಲ. ಜೀವ ಬಾಯಿಗೆ ಬಂದ ಆ ಒಂದು ಕ್ಷಣದಲ್ಲಿ ಯಾವ ಧ್ವನಿ ಕೇಳಿದ್ದರೆ ಸಾಕಿತ್ತೋ ಅದೇ ಕೇಳಿತ್ತು ಎಂಬುದು ಮಾತ್ರ ಗೊತ್ತಿತ್ತು. ಹೊರಗೆ ಬಂದು ಫೋನು ಹಚ್ಚಿದಳು.

"ಅತ್ತೆ, ಅಲ್ಲಿಗೂ ಬಂದ್ಬಿಟ್ರಾ?"

ಬೆಲ್ಟಕ್ಕನಿಗೆ ತಲೆಬುಡ ತಿಳಿಯಲಿಲ್ಲ. "ಎಲ್ಲಿಗಮ್ಮ? ನಾನಿಲ್ಲೇ ಇದೀನಿ, ಎಲ್ಲಿಗೂ ಹೋಗಿಲ್ಲ," ಎಂದು ಆಣೆ ಮಾಡತೊಡಗಿದರು.

ಹೆರಿಗೆ ಹೇಗೂ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕಿತ್ತು. ಕೊನೆಯ ತಪಾಸಣೆಗಳಿಗೆ ಅಲ್ಲಿಗೇ ಬರುತ್ತೇನೆ ಎಂದಳು ಸೊಸೆ. ಷರತ್ತು ಹೇಳಿದಳು. ಬೆಲ್ಟಕ್ಕ ಒಪ್ಪಿದರು. ಒಪ್ಪಿದ ಮೇಲೆ ಚಿಂತೆ ಹತ್ತಿತು. ಕೈಯೇನು ಹೇಳಿದ ಮಾತು ಕೇಳುತ್ತದೆಯೇ? ಅದಕ್ಕೇ ಈ ವಾರವಿಡೀ ಅಭ್ಯಾಸ. ಬಂದವರಿಗೆಲ್ಲ ಕೈ ಹಿಂದೆ ಕಟ್ಟಿಕೊಂಡು ನಿಂತು, "ಇಡ್ಲಾ ಅಮ್ಮ?" ಎಂದು ಕೇಳುತ್ತಾರೆ. ಹೊಟ್ಟೆ ತೆರೆದುಕೊಂಡು ಮಲಗಿದವರು ಗಾಬರಿಯಾಗಿ, "ಅದಕ್ಕೇ ತಾನೇ ಅಕ್ಕ ಬಂದಿರೋದು?" ಎನ್ನುತ್ತಾರೆ. ನಿನ್ನೆ ಒಬ್ಬಳು, "ಇಡದಿದ್ರೆ ಬೇರೆ ಏನು ಮಾಡ್ತೀರಿ?" ಎಂದು ಕೇಳಿಯೇಬಿಟ್ಟಳು. ಆದರೆ ಇನ್ನೊಬ್ಬಳು, ಅಷ್ಟೇನೂ ಮಾತಾಡದವಳು, "ಇದುವರೆಗೆ ಯಾರೂ ಕೇಳಿರಲಿಲ್ಲ," ಎಂದು ಹೇಳಿ ಹೋದಳು. ಅದು ಬೆಲ್ಟಕ್ಕನ ತಲೆಯಲ್ಲಿ ಕೂತುಬಿಟ್ಟಿದೆ.

ಸೊಸೆ ಬರುವ ಹೊತ್ತಿಗೆ ಬಿಸಿಲು ಮಂಚದ ಕಾಲಿನವರೆಗೆ ಬಂದಿದೆ. ಚೀಲದಿಂದ ಅವಳು ಮೊದಲು ತೆಗೆದದ್ದು ಒಂದು ಲೋಟ ಮತ್ತು ಅದರ ಮುಚ್ಚಳ. ಯಾರ ಮುಖವನ್ನೂ ನೋಡದೆ ಅದನ್ನು ಮೇಜಿನ ಮೇಲಿಟ್ಟು ಮಂಚ ಹತ್ತುತ್ತಾಳೆ. ಬೆಲ್ಟಕ್ಕ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಾರೆ, ಪಾಠ ಒಪ್ಪಿಸುವ ಮಗುವಿನಂತೆ. ಬಾಗಿಲ ಬಳಿ ದೊಡ್ಡ ಸಿಸ್ಟರಿಗೆ ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾಗಿದೆ, ಆದರೆ ಹೋಗುತ್ತಿಲ್ಲ.

"ಇಡ್ಲಾ?"

"ಏನು?"

"ಬೆಲ್ಟು."

"ಬೆಲ್ಟು ಇಡಿ."

ಬೆಲ್ಟಕ್ಕ ಜೆಲ್ಲನ್ನು ಬಾಟಲಿಯಿಂದಲೇ ಬಿಡುತ್ತಾರೆ. ಬೆಲ್ಟನ್ನು ಬೆರಳ ತುದಿಗಳಲ್ಲಿ, ಬಿಸಿ ಪಾತ್ರೆ ಹಿಡಿದಂತೆ ಹಿಡಿದು, ಹೊಟ್ಟೆಗೆ ಒಂದು ಬೆರಳೂ ಸೋಕದ ಹಾಗೆ ಸುತ್ತಿ, ಕೊಕ್ಕೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಪರದೆಯ ಮೇಲೆ ಸಣ್ಣ ದೀಪ ಹುಡುಕುತ್ತದೆ. ಹುಡುಕುತ್ತಲೇ ಇರುತ್ತದೆ. ಆಮೇಲೆ ಮಷೀನಿನೊಳಗಿಂದ ಬೆಲ್ಟಕ್ಕನೇ ಬೆಲ್ಟಕ್ಕನಿಗೆ ಹೇಳುತ್ತಾರೆ:

"ಹೆದರ್ಬೇಡ ಕಣಮ್ಮ. ಬೆಲ್ಟು ಜರುಗಿರಬಹುದು. ಹಾಗೇ ಮಲಗಿರು, ಸಿಸ್ಟರ್ ಬಂದು ನೋಡ್ತಾರೆ. ಆ ಲೋಟ ಅಲ್ಲೇ ಮುಚ್ಚಿಡು, ಆಮೇಲೆ ನೋಡೋಣ."

ಬೆಲ್ಟಕ್ಕನ ಮುಖ ಬಿಳಿಚಿಕೊಂಡಿದೆ. ಇಷ್ಟು ವರ್ಷ ಕಟ್ಟಿದ ಬೆಲ್ಟುಗಳಲ್ಲಿ ಇಷ್ಟು ಕೆಟ್ಟದಾಗಿ ಕಟ್ಟಿದ್ದು ಇನ್ನೊಂದಿಲ್ಲ. ಗಂಟೆಗೆ ಓಗೊಟ್ಟು ದೊಡ್ಡ ಸಿಸ್ಟರ್ ಒಳಗೆ ಕಾಲಿಟ್ಟಿದ್ದಾರೆ.

"ಅತ್ತೆ," ಸೊಸೆ ಹೇಳುತ್ತಾಳೆ, "ಬೆಲ್ಟು ಸಡಿಲ. ಒಳಗೆ ನನ್ನ ಕೈ ಹೋಗತ್ತೆ, ನೋಡಿ. ಹೀಗೆ ಕಟ್ಟಿದ್ರೆ ಮಗು ಸಿಗೋದು ಹೇಗೆ?"

"ಕೈ ತಾಗತ್ತಲ್ಲಮ್ಮ, ಅದಕ್ಕೆ."

"ತಾಗದೆ ಕಟ್ಟೋಕಾಗತ್ತಾ?"

"ಆಗಲ್ಲ."

"ಮತ್ತೆ ಕೇಳ್ಬಾರ್ದಾ? ನಾನು ಬೇಡ ಅಂದಿದ್ದು ಕೈ ಅಲ್ಲ ಅತ್ತೆ. ಕೇಳದೇ ಇರೋದು."

"ಇಡ್ಲಾ?"

"ಇಡಿ."

ಬೆಲ್ಟಕ್ಕ ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಒಂದು ಕೈಯಿಂದ ಹೊಟ್ಟೆಗೆ ಆಸರೆ ಕೊಟ್ಟು ಇನ್ನೊಂದರಿಂದ ಬೆಲ್ಟು ಬಿಗಿಮಾಡುತ್ತಾರೆ. ದೀಪ ಹಸಿರಾಗುತ್ತದೆ. ರಬ್ಬರ್ ಚಪ್ಪಲಿ ಹಾಕಿಕೊಂಡ ಯಾರೋ ಮೆಟ್ಟಿಲಿಳಿದು ಓಡಿ ಬರತೊಡಗುತ್ತಾರೆ, ಜೋರಾಗಿ, ಒಂದೇ ಸಮ. ಪರದೆಯ ಮೇಲಿನ ಅಂಕಿ ನೋಡಿ ದೊಡ್ಡ ಸಿಸ್ಟರ್ ತಲೆಯಾಡಿಸಿ ಹೊರಟುಹೋಗುತ್ತಾರೆ. ಬೆಲ್ಟು ಕಟ್ಟಿ ಆಗಿದೆ. ಕೈಗೆ ಅಲ್ಲಿ ಇನ್ನು ಕೆಲಸವಿಲ್ಲ.

"ತೆಗೀಲಾ?"

ಸೊಸೆ ಕಣ್ಣು ಮುಚ್ಚಿಕೊಂಡಿದ್ದಾಳೆ. "ಇರ್ಲಿ," ಎನ್ನುತ್ತಾಳೆ. "ಎಲ್ಲಿ ವಾಲಿದೆ ಅಂತ ಮಾತ್ರ ವರದಿ ಬೇಡ."

ಬೆಲ್ಟಕ್ಕ ತುಟಿ ಬಿಗಿಹಿಡಿದು ವರದಿಯನ್ನು ನುಂಗಿಕೊಳ್ಳುತ್ತಾರೆ. ಅದು ನುಂಗಲು ಸುಲಭವಲ್ಲ ಎನ್ನುವುದು ಅವರ ಹುಬ್ಬು ನೋಡಿದರೆ ಗೊತ್ತಾಗುತ್ತದೆ.

ಕಂಪನಿಯ ಇಂಜಿನಿಯರು ಮುಂದಿನ ವಾರ ಮತ್ತೆ ಬರುತ್ತಾರೆ. ಈಗ ಅವರಿಗೆ ಲೋಟ ಎಂದರೇನೆಂದು ಗೊತ್ತಾಗಿದೆ, ಅದನ್ನು ತೆಗೆದು ಹೊಸದಾಗಿ ಧ್ವನಿ ತುಂಬಿಸಬೇಕಂತೆ. ಡಾಕ್ಟರಮ್ಮ ಅರೆಮನಸ್ಸಿನಿಂದ ಹೂಂ ಎಂದಿದ್ದಾರೆ. ಸರತಿಯಲ್ಲಿ ಕೂತ ಬಸುರಿಯರು ಮಾತ್ರ ಯಾವ ಕಾರಣಕ್ಕೂ ಕೂಡದು ಎನ್ನುತ್ತಿದ್ದಾರೆ. ಬೆಲ್ಟಕ್ಕನಿಗೆ ಏನು ಆಸೆ?

"ತೆಗೆದ್ರೆ ತೆಗೀಲಿ ಬಿಡಿ, ಅದರಲ್ಲೇನಿದೆ," ಎನ್ನುತ್ತಾರೆ ಅವರು. ಕೈ ಇನ್ನೂ ಇಟ್ಟಲ್ಲೇ ಇದೆ. "ಈ ಮಗು ಹೊರಗೆ ಬರೋವರೆಗೆ ಇದ್ರೆ ಸಾಕು. ಬಂದ ಮೇಲೆ ನಾನು ಮಾತಾಡ್ಸಿದಾಗ, ಇದು ಆ ಲೋಟದ ಅಜ್ಜಿ ಅಂತ ಗುರುತು ಹಿಡಿದ್ರೆ ಇನ್ನೇನೂ ಬೇಡ."

"ಹಿಡಿಯತ್ತೆ ಬಿಡಿ," ಸೊಸೆ ಕಣ್ಣು ತೆರೆಯದೆಯೇ ಹೇಳುತ್ತಾಳೆ. "ಹೊಟ್ಟೆಗೆ ಬಂದಾಗಿಂದ ಅದೊಂದನ್ನೇ ಕೇಳ್ತಿದೆ." ಆಮೇಲೆ ಮೇಜಿನ ಮೇಲಿದ್ದ ಲೋಟದತ್ತ ಗಲ್ಲ ಚಾಚುತ್ತಾಳೆ. "ಅತ್ತೆ, ಅದು ಮುಚ್ಚಿಲ್ಲ."